ನಾಳೆ ಏನೋ ಗೊತ್ತಿಲ್ಲದ ದಿನಗಳಲ್ಲಿ ಬರೆಯುವುದು ಹೇಗೆ

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದಾಗ ನನ್ನ ಹತ್ತಿರ ಇನ್ನೂರು ಪುಟದ ಒಂದು ಹೊಸ ಲಾಂಗ್ ಬುಕ್ ಇತ್ತು. ಆಫೀಸಿಲ್ಲ, ಬಸ್ಸಿಲ್ಲ, ನೆಂಟರಿಲ್ಲ. ಇನ್ನೇನು, ಕಾದಂಬರಿ ಬರೆದೇ ಬಿಡ್ತೀನಿ ಅಂದುಕೊಂಡೆ. ಮೊದಲ ಪುಟದಲ್ಲಿ ಹೆಸರು ಬರೆದು ಕೆಳಗೆ ಎರಡು ಗೆರೆ ಎಳೆದದ್ದೂ ಆಯ್ತು. ಜೂನ್ ಹೊತ್ತಿಗೆ ಆ ಪುಸ್ತಕದಲ್ಲಿ ತುಂಬಿದ್ದು ಮೂರೇ ಪುಟ. ಅದರಲ್ಲೂ ಒಂದು ದಿನಸಿ ಚೀಟಿ.

ಚೀಟಿ ಹೀಗಿತ್ತು: "ತೊಗರಿಬೇಳೆ 2 ಕೆಜಿ, ಕೈ ತೊಳೆಯೋ ಸೋಪು ಯಾವುದಾದ್ರೂ ಸರಿ, ಅಪ್ಪನ ಬಿಪಿ ಮಾತ್ರೆ ಎರಡು ತಿಂಗಳಿಗೆ, ಹಾಲಿನವನ ಹತ್ರ ಕೇಳು ಪೇಪರ್ ಯಾವಾಗ ಬರುತ್ತೆ, ಅಡಿಕೆ ಬೇಡ."

ಎರಡು ವರ್ಷ ಆದಮೇಲೆ ಆ ಪುಟ ತಿರುವಿ ಹಾಕುವಾಗ "ಅಡಿಕೆ ಬೇಡ" ಅನ್ನೋದು ಕಣ್ಣಿಗೆ ಬಿತ್ತು. ಅಮ್ಮ ನಲವತ್ತು ವರ್ಷದಿಂದ ಎಲೆಯಡಿಕೆ ಹಾಕುತ್ತಿದ್ದವಳು. ನನ್ನ ಸಂಬಳ ಅರ್ಧ ಆದ ತಿಂಗಳು ಯಾರಿಗೂ ಹೇಳದೆ ಬಿಟ್ಟುಬಿಟ್ಟಿದ್ದಳು. ನಾನು ಚೀಟಿ ಬರೆದವಳೇ ಹೊರತು ಅದನ್ನು ಗಮನಿಸಿರಲಿಲ್ಲ. ಆ ಎರಡು ಪದದಿಂದ ಒಂದು ಕಥೆ ಆಯ್ತು. ಕಾದಂಬರಿ ಇನ್ನೂ ಆಗಿಲ್ಲ.

ಕೆಲಸ ಹೋದವರು, ಮನೆಯಲ್ಲೊಬ್ಬರು ಆಸ್ಪತ್ರೆಯಲ್ಲಿರುವವರು, ವೀಸಾ ಕಾಗದಕ್ಕೆ ಕಾಯುತ್ತಾ ಹೊರದೇಶದಲ್ಲಿ ಕೂತವರು, ಮಳೆ ಬರುತ್ತೋ ಇಲ್ವೋ ಅಂತ ಮುಗಿಲು ನೋಡುವವರು, ಇವರೆಲ್ಲರೂ ಕೇಳುವುದು ಒಂದೇ: "ಇಂಥಾ ಹೊತ್ತಲ್ಲಿ ಬರೆಯೋದು ಹೇಗೆ?" ನಾನು ಹೇಳುವುದೂ ಒಂದೇ. ಮೊದಲು ಬರೆದಿಟ್ಟುಕೊಳ್ಳಿ, ಅರ್ಥ ಆಮೇಲೆ ಹುಡುಕಿ. ಹೇಗೆ ಅನ್ನೋದು ಮುಂದಿದೆ. ಎಲ್ಲ ಹಂತವೂ ಎಲ್ಲರಿಗೂ ಒಗ್ಗಲ್ಲ. ನಿಮಗೆ ಬೇಕಾದ್ದನ್ನು ಎತ್ತಿಕೊಳ್ಳಿ.

ಹಂತ 1: ಅಳತೆ ಚಿಕ್ಕದು ಮಾಡಿಕೊಳ್ಳಿ

ದಿನಕ್ಕೆ ಹತ್ತು ಸಾಲು. ಅಷ್ಟೇ. ಸಾವಿರ ಪದ, ಎರಡು ತಾಸು ಅನ್ನೋ ಲೆಕ್ಕವೆಲ್ಲ ನೆಮ್ಮದಿಯ ದಿನಗಳಿಗೆ. ತಲೆಯ ಮುಕ್ಕಾಲು ಭಾಗ ಬಾಡಿಗೆಯ ಚಿಂತೆಯಲ್ಲಿರುವಾಗ ಉಳಿದ ಕಾಲು ಭಾಗಕ್ಕೆ ಎಷ್ಟು ಹೊರೆಯಾಗುತ್ತೋ ಅಷ್ಟೇ ಹೊರಿಸಬೇಕು.

ಆ ಹತ್ತು ಸಾಲನ್ನು ದಿನದಲ್ಲಿ ಈಗಾಗಲೇ ಇರುವ ಯಾವುದಾದರೂ ಕೆಲಸಕ್ಕೆ ಗಂಟು ಹಾಕಿ. "ಬೆಳಗ್ಗೆ ಆರಕ್ಕೆ" ಅಂದರೆ ತಪ್ಪಿಹೋಗುತ್ತೆ. "ಕುಕ್ಕರ್ ಇಟ್ಟಮೇಲೆ ಮೂರನೇ ಸೀಟಿ ಕೂಗುವವರೆಗೆ" ಅಂದರೆ ತಪ್ಪಲ್ಲ, ಅನ್ನ ದಿನಾ ಆಗಲೇಬೇಕಲ್ವಾ. ಅಮೆರಿಕದ ಟೋನಿ ಮಾರಿಸನ್ ಇಬ್ಬರು ಮಕ್ಕಳನ್ನು ಒಬ್ಬರೇ ಸಾಕುತ್ತಾ, ಪ್ರಕಾಶನ ಸಂಸ್ಥೆಯಲ್ಲಿ ಸಂಪಾದಕಿಯಾಗಿ ದುಡಿಯುತ್ತಾ ಬರೆದವರು. ಮಕ್ಕಳು ಏಳುವ ಮೊದಲೇ ಎದ್ದು, ಇನ್ನೂ ಕತ್ತಲಿರುವಾಗಲೇ ಕಾಫಿ ಮಾಡಿಕೊಂಡು, ಬೆಳಕು ಹರಿಯುವುದನ್ನು ನೋಡುತ್ತಾ ಕೂರುವುದು ಅವರ ಅಭ್ಯಾಸವಾಗಿತ್ತು. ಕತ್ತಲಲ್ಲಿ ಏಳಲೇಬೇಕು ಅಂತ ಇದನ್ನು ಹೇಳುತ್ತಿಲ್ಲ. ನನಗಂತೂ ಆಗಲ್ಲ. ಅವರಿಗೆ ಕಾಫಿ ಹೇಗೋ ನಿಮಗೂ ಹಾಗೆ ಒಂದು ಗುರುತು ಇರಲಿ.

ಹಂತ 2: ಸಿಕ್ಕ ಹಾಳೆಯಲ್ಲಿ ಬರೆಯಿರಿ

ಒಳ್ಳೆ ಮೇಜು, ಒಳ್ಳೆ ಪೆನ್ನು, ಸದ್ದಿಲ್ಲದ ಕೋಣೆ. ಇದಕ್ಕೆಲ್ಲ ಕಾಯುವವರಿಗೆ ನಾನು ಕೀನ್ಯಾದ ಗೂಗಿ ವಾ ಥಿಯಾಂಗೊ ಅವರ ಕತೆ ಹೇಳುತ್ತೇನೆ. ಅವರು ಇನ್ನೊಬ್ಬರ ಜೊತೆ ಸೇರಿ ತಮ್ಮ ತಾಯಿನುಡಿ ಗಿಕುಯುನಲ್ಲಿ ಒಂದು ನಾಟಕ ಬರೆದರು. ಹಳ್ಳಿಯ ರೈತರು, ಕೂಲಿಗಳು ಅದನ್ನು ಆಡಿದರು. ಸರ್ಕಾರಕ್ಕೆ ಅದು ಹಿಡಿಸಲಿಲ್ಲ. 1977ರ ಡಿಸೆಂಬರ್ 31ಕ್ಕೆ ಹಿಡಿದು ಕಾಮಿಟಿ ಅನ್ನೋ ಜೈಲಿಗೆ ಹಾಕಿದರು. ವಿಚಾರಣೆ ಇಲ್ಲ, ಯಾವಾಗ ಬಿಡುತ್ತಾರೆ ಅನ್ನೋದೂ ಗೊತ್ತಿಲ್ಲ. ಅನಿಶ್ಚಿತತೆ ಅಂದರೆ ಇದು.

ಅಲ್ಲಿ ಅವರು ಬರೆದದ್ದು ಟಾಯ್ಲೆಟ್ ಪೇಪರಿನ ಮೇಲೆ. ಜೈಲಿನವರು ಕೊಡುತ್ತಿದ್ದ ಆ ಕಾಗದ ಒರಟಾಗಿತ್ತು. ಬಳಸುವವರಿಗೆ ಕಷ್ಟ, ಬರೆಯುವವರಿಗೆ ಲಾಭ: ಶಾಯಿ ಒಡೆಯುತ್ತಿರಲಿಲ್ಲ. ಹಾಗೆ ಬರೆದದ್ದು ಇಡೀ ಒಂದು ಕಾದಂಬರಿ. ಅದೂ ಗಿಕುಯುನಲ್ಲೇ. ಯಾವ ನುಡಿಯಲ್ಲಿ ನಾಟಕ ಬರೆದದ್ದಕ್ಕೆ ಒಳಗೆ ಹಾಕಿದರೋ ಅದೇ ನುಡಿಯಲ್ಲಿ. ಅಲ್ಲಿಯವರೆಗೆ ಅವರ ಕಾದಂಬರಿಗಳೆಲ್ಲ ಇಂಗ್ಲಿಷಿನಲ್ಲಿದ್ದವು. 1978ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು, 1980ರಲ್ಲಿ ಕಾದಂಬರಿ ಅಚ್ಚಾಯಿತು.

ನಮಗೆ ಅಷ್ಟು ಕಷ್ಟ ಇಲ್ಲ. ಆಸ್ಪತ್ರೆಯ ಕಾರಿಡಾರಿನ ಸ್ಟೀಲ್ ಕುರ್ಚಿಯಲ್ಲಿ ಕೂತಾಗ ನಾನು ಬರೆದದ್ದು ಸ್ಕ್ಯಾನಿಂಗ್ ರಿಪೋರ್ಟ್ ಇಟ್ಟುಕೊಟ್ಟ ದೊಡ್ಡ ಕವರಿನ ಹಿಂದೆ. ಫೋನಿನಲ್ಲಿ ಕನ್ನಡ ಕೀಬೋರ್ಡ್ ಹಾಕಿಕೊಂಡರೆ ಮೈಕ್ ಒತ್ತಿ ಮಾತಾಡಿದ್ದೇ ಅಕ್ಷರ ಆಗುತ್ತೆ. ಒತ್ತಕ್ಷರ ಅಲ್ಲಲ್ಲಿ ಕೆಡುತ್ತೆ, ನಮ್ಮ ಆಡುಮಾತನ್ನು ಅದು ಏನೇನೋ ಅಂದುಕೊಳ್ಳುತ್ತೆ. ಪರವಾಗಿಲ್ಲ, ತಿದ್ದೋದು ಆಮೇಲೆ.

ಒಂದೇ ಎಚ್ಚರಿಕೆ: ವಾರಕ್ಕೊಂದು ಸಲ ಇವನ್ನೆಲ್ಲ ಒಂದು ಕಡೆ ಸೇರಿಸಿ. ಇಲ್ಲಾಂದ್ರೆ ಕವರು ಹಳೇ ಪೇಪರಿನವನ ಪಾಲು.

ಹಂತ 3: ಚಿಂತೆಗೆ ಬೇರೆ ಪುಟ

ಇದು ಚಿಕ್ಕ ವಿಷಯ, ಬೇಗ ಹೇಳಿಬಿಡ್ತೀನಿ. ಬಾಡಿಗೆ ಎಷ್ಟು, ಇಎಂಐ ಎಷ್ಟು, ಕೈಯಲ್ಲಿ ಎಷ್ಟಿದೆ, ಎಷ್ಟು ತಿಂಗಳು ಸಾಗುತ್ತೆ. ಭಾನುವಾರ ಸಂಜೆ ಕೂತು ಇದನ್ನು ಅಂಕಿಯಲ್ಲಿ ಬರೆಯಿರಿ. ಲೆಕ್ಕ ಹಾಕದ ಚಿಂತೆ ಕಥೆಯ ಪ್ರತಿ ಸಾಲಿನಲ್ಲೂ ಇಣುಕುತ್ತೆ. ಲೆಕ್ಕ ಹಾಕಿದ್ದು ಭಾನುವಾರದವರೆಗಾದರೂ ಸುಮ್ಮನಿರುತ್ತೆ.

ಹಾಗೇ ಇನ್ನೊಂದು ಮಾತು. ಬರಹದಿಂದ ಮನೆ ನಡೆಸ್ತೀನಿ ಅಂತ ಇಂಥಾ ಹೊತ್ತಲ್ಲಿ ಇರುವ ಕೆಲಸ ಬಿಡಬೇಡಿ. ಕನ್ನಡದಲ್ಲಿ ಕಥೆಗೆ ಸಿಗುವ ಸಂಭಾವನೆ ಎಷ್ಟು ಅಂತ ಬರೆಯುವವರಿಗೆಲ್ಲ ಗೊತ್ತು. ಬಾನು ಮುಷ್ತಾಕ್ ಅವರು ಹಾಸನದಲ್ಲಿ ವಕೀಲಿ ಮಾಡುತ್ತಲೇ ಬರೆದವರು. 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿ ಅವರ ಅನುವಾದಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ಆ ಸಂಕಲನದಲ್ಲಿರುವುದು ಹನ್ನೆರಡು ಕಥೆ. ಅವು 1990ರಿಂದ 2023ರವರೆಗೆ ಬರೆದಂಥವು. ಮೂವತ್ತು ವರ್ಷಕ್ಕೂ ಜಾಸ್ತಿ.

ಹಂತ 4: ಕಾಲದ ಬಗ್ಗೆ ಬರೆಯಬೇಡಿ, ವಸ್ತುಗಳ ಬಗ್ಗೆ ಬರೆಯಿರಿ

ಇಲ್ಲಿ ಸ್ವಲ್ಪ ನಿಲ್ಲೋಣ. ಜಾಸ್ತಿ ಜನ ಮುಗ್ಗರಿಸುವುದು ಇಲ್ಲೇ.

ನಮ್ಮ ಓದುಗರ ಗುಂಪಿಗೆ ಒಬ್ಬರು ಕಥೆ ತಂದಿದ್ದರು. ಮೊದಲ ಸಾಲು: "ಮಹಾಮಾರಿಯು ಇಡೀ ಮನುಕುಲವನ್ನೇ ತಲ್ಲಣಗೊಳಿಸಿದ್ದ ಆ ಕರಾಳ ದಿನಗಳಲ್ಲಿ ರಂಗಪ್ಪನ ಬದುಕು ಛಿದ್ರವಾಗಿತ್ತು." ಒಂದಕ್ಷರವೂ ಸುಳ್ಳಲ್ಲ. ಆದರೆ ಏನೂ ಕಾಣಿಸಲ್ಲ. "ರಂಗಪ್ಪ ಏನು ಮಾಡುತ್ತಿದ್ದ?" ಅಂತ ಕೇಳಿದೆವು. ಮದುವೆ ಛತ್ರಗಳಿಗೆ ಬಾಳೆ ಎಲೆ ಹಾಕುತ್ತಿದ್ದನಂತೆ. "ಮದುವೆ ನಿಂತ ಮೇಲೆ ಎಲೆ ಏನು ಮಾಡಿದ?" ಬರೆದವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಹಸುವಿಗೆ ಹಾಕಿದ. ಮೊದಲ ದಿನ ತಿಂತು. ಮೂರನೇ ದಿನ ಅದೂ ಮುಖ ತಿರುಗಿಸ್ತು."

ಕಥೆಯ ಹೊಸ ಮೊದಲ ಸಾಲು ಹೀಗಾಯ್ತು: "ಮೂರನೇ ದಿನ ಹಸುವೂ ಎಲೆ ಮುಟ್ಟಲಿಲ್ಲ." ಕೊರೊನಾ ಅನ್ನೋ ಪದ ಎರಡನೇ ಪುಟದವರೆಗೂ ಬರಲಿಲ್ಲ. ಬೇಕಾಗಲೂ ಇಲ್ಲ.

ಹಾಗಾಗಿ ದಿನದ ಹತ್ತು ಸಾಲಿನಲ್ಲಿ ಇವಿಷ್ಟು ಬರಲಿ: ತಾರೀಖು, ಜಾಗ, ಒಂದು ವಸ್ತು, ಒಂದು ಬೆಲೆ, ಯಾರೋ ಆಡಿದ ಒಂದು ಮಾತು. ಮಾತನ್ನು ಅವರು ಆಡಿದ ಹಾಗೇ ಬರೆಯಿರಿ. "ದುಡ್ಡಿಲ್ಲ ಅಂದರು" ಅಲ್ಲ, "ಒಂದ್ ವಾರ ತಡ್ಕಳಿ ಸಾ" ಅಂದರು. ಬೆಲೆ ಯಾಕೆ ಅಂದರೆ, ಅದು ಮರೆತುಹೋಗುವಷ್ಟು ಬೇಗ ಬೇರೆ ಯಾವುದೂ ಮರೆಯಲ್ಲ. ಐದು ವರ್ಷದ ಹಿಂದೆ ಟೊಮೆಟೊ ಎಷ್ಟಿತ್ತು ಹೇಳಿ ನೋಡೋಣ.

"ನನಗೆ ಅನಿಸಿದ್ದು" ಅನ್ನೋದನ್ನು ಹತ್ತರಲ್ಲಿ ಒಂದೇ ಸಾಲಿಗೆ ಕಟ್ಟಿಹಾಕಿ. ಅನಿಸಿಕೆ ಪ್ರತಿದಿನ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ: ಭಯ, ಬೇಜಾರು, ಸ್ವಲ್ಪ ಸಿಟ್ಟು. ಹೊರಗೆ ಕಂಡದ್ದು ಮಾತ್ರ ದಿನಾ ಬೇರೆ.

ಇದನ್ನು ಈಗಲೇ ಕಥೆ ಮಾಡಬೇಕು ಅಂತೇನೂ ಇಲ್ಲ. ಲಂಡನ್ನಿನ ದೊಡ್ಡ ಪ್ಲೇಗು ಬಂದದ್ದು 1665ರಲ್ಲಿ. ಡೇನಿಯಲ್ ಡೆಫೋ ಅದರ ಬಗ್ಗೆ ಪುಸ್ತಕ ಬರೆದದ್ದು 1722ರಲ್ಲಿ. ಪ್ಲೇಗಿನ ಹೊತ್ತಿಗೆ ಅವನಿನ್ನೂ ನಾಲ್ಕೈದು ವರ್ಷದ ಹುಡುಗ. ಆದರೂ ಕಣ್ಣಾರೆ ಕಂಡವನು ಬರೆದ ಹಾಗಿದೆ. ಆಗ ವಾರವಾರವೂ ಯಾವ ಕಡೆ ಎಷ್ಟು ಜನ ಸತ್ತರು ಅಂತ ಅಚ್ಚು ಹಾಕಿ ಮಾರುತ್ತಿದ್ದರು. ಡೆಫೋ ಆ ಪಟ್ಟಿಗಳನ್ನೇ ಪುಸ್ತಕದೊಳಗೆ ತಂದ. ಯಾರೋ ಗುಮಾಸ್ತರು ಬರೆದಿಟ್ಟ ಅಂಕಿ ಐವತ್ತೇಳು ವರ್ಷದ ಮೇಲೆ ಸಾಹಿತ್ಯ ಆಯ್ತು. ನಿಮ್ಮ ಪುಸ್ತಕಕ್ಕೆ ಆ ಗುಮಾಸ್ತರು ನೀವೇ.

ಹಂತ 5: ಯಾರಿಗೆ ಹೇಳುತ್ತಿದ್ದೀರಿ ಅಂತ ಗೊತ್ತುಮಾಡಿಕೊಳ್ಳಿ

ದುಃಖ ದೊಡ್ಡದಾದಷ್ಟೂ ಕೇಳುವವರ ಸಂಖ್ಯೆ ಚಿಕ್ಕದಾಗಿರಬೇಕು ಅನ್ನೋದು ನನ್ನ ನಂಬಿಕೆ. ಇದನ್ನು ಕಲಿತದ್ದು ಬೇಂದ್ರೆಯವರಿಂದ. ಬೇಂದ್ರೆಯವರ ಬದುಕಿನಲ್ಲಿ ನೆಮ್ಮದಿಯ ದಿನಗಳು ಕಮ್ಮಿ. ಬರೆದ ಒಂದು ಪದ್ಯಕ್ಕೇ 1932ರಲ್ಲಿ ಹಿಂಡಲಗಿ ಜೈಲು ಕಂಡವರು. ಮಕ್ಕಳನ್ನು ಒಂದಾದ ಮೇಲೊಂದರಂತೆ ಕಳೆದುಕೊಂಡವರು. ಮಗು ಹೋದಾಗ ಬರೆದ ಆ ಪದ್ಯ ನಮ್ಮಲ್ಲಿ ಎಷ್ಟೋ ಜನಕ್ಕೆ ಬಾಯಿಗೆ ಬರುತ್ತೆ. ಅದರಲ್ಲಿ ಸಾವಿನ ಬಗ್ಗೆ ಭಾಷಣವಿಲ್ಲ, ದೇವರ ಜೊತೆ ಜಗಳವಿಲ್ಲ. ಗಂಡ ಹೆಂಡತಿಗೆ ಹೇಳುತ್ತಾನೆ, ನನ್ನ ಕಡೆ ಹಾಗೆ ನೋಡಬೇಡ ಅಂತ. ಅಷ್ಟೇ ವಿಷಯ. ಕೋಣೆಯಲ್ಲಿ ಇಬ್ಬರು, ಒಂದು ನೋಟ. ನಾವು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತೇವೆ.

ಇದನ್ನು ನಿಮ್ಮ ಬರಹಕ್ಕೆ ಹೀಗೆ ತನ್ನಿ. ಕುತ್ತಿಗೆಗೆ ಬಂದ ವಿಷಯ ಯಾವುದೋ ಅದನ್ನು ಒಬ್ಬರಿಗೇ ಬರೆದ ಕಾಗದದ ಥರ ಬರೆಯಿರಿ. ತಂಗಿಗೆ, ಬಿಟ್ಟುಹೋದ ಗೆಳೆಯನಿಗೆ, ಮ್ಯಾನೇಜರಿಗೆ. "ನೀನು" ಅಂತ ಶುರುಮಾಡಿ. ಗೊತ್ತಿರುವವರಿಗೆ ಗೊತ್ತಿರುವುದನ್ನೇ ಹೇಳಕ್ಕಾಗಲ್ಲವಾದ್ದರಿಂದ ಅರ್ಧ ವಿವರಣೆ ತಾನಾಗೇ ಉದುರಿಹೋಗುತ್ತೆ. ಆಮೇಲೆ ಬೇಕಾದರೆ "ನೀನು" ತೆಗೆದು "ಅವಳು" ಮಾಡಿ. ಎಷ್ಟೋ ಸಲ ಬೇಕಾಗಲ್ಲ.

ಹಂತ 6: ತಕ್ಷಣ ಹಂಚಬೇಡಿ

ಬೆಳಗ್ಗೆ ಆದದ್ದನ್ನು ಮಧ್ಯಾಹ್ನ ಫೇಸ್‌ಬುಕ್ಕಿಗೆ ಹಾಕಿದರೆ ಸಂಜೆಗೆ ಇನ್ನೂರು ಲೈಕ್ ಬರುತ್ತೆ, ರಾತ್ರಿಗೆ ಬರೆಯುವ ಆಸೆ ಹೋಗುತ್ತೆ. ಹೇಳಿ ಮುಗಿಸಿಬಿಟ್ಟಿರುತ್ತೇವಲ್ಲ. ಕಥೆ ಆಗಬಹುದು ಅನಿಸಿದ್ದನ್ನು ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಯಾರಿಗೂ ತೋರಿಸದೆ ಇಡಿ. ನಮ್ಮ ಆಯುರ್ವೇದದ ಪಥ್ಯದ ಲೆಕ್ಕವೇ ಇದು, ಬೇರೆ ಶಾಸ್ತ್ರ ಏನೂ ಇಲ್ಲ. ಅಷ್ಟು ದಿನ ಆದಮೇಲೆ ಓದಿದಾಗ ಎಲ್ಲಿ ಅಳು ಜಾಸ್ತಿ ಆಗಿದೆ ಅಂತ ನಿಮಗೇ ಕಾಣುತ್ತೆ.

ಬೇರೆಯವರ ಕಷ್ಟ ಬರೆಯುವಾಗ ಇದು ಇನ್ನೂ ಮುಖ್ಯ. ಪಕ್ಕದ ಮನೆಯವರ ಕೆಲಸ ಹೋದದ್ದು ಅವರ ಅತ್ತೆ ಮಾವನಿಗೇ ಇನ್ನೂ ಗೊತ್ತಿರಲ್ಲ. ಹೆಸರು, ಊರು, ಕಸುಬು ಮೂರನ್ನೂ ಬದಲಿಸಿ. ಒಂದನ್ನೇ ಬದಲಿಸಿದರೆ ಇಡೀ ಬೀದಿಗೆ ಗೊತ್ತಾಗುತ್ತೆ.

ಹಂತ 7: ಬರೆಯಲು ಬಾರದ ವಾರ ಏನು ಮಾಡಬೇಕು

ಅಂಥ ವಾರ ಬಂದೇ ಬರುತ್ತೆ. ಸ್ವಂತದ್ದು ಒಂದು ಸಾಲೂ ಹೊರಡಲ್ಲ. ಆಗ ಕೈಗೆ ಬೇರೆಯವರ ವಾಕ್ಯ ಕೊಡಿ.

ನಿಮಗಿಷ್ಟವಾದ ಕಥೆಯ ಒಂದು ಪುಟವನ್ನು ಕೈಯಲ್ಲಿ ನಕಲು ಮಾಡಿ. ಓದುವಾಗ ಕಾಣದ ಜಾಗಗಳು ನಕಲು ಮಾಡುವಾಗ ಕಾಣುತ್ತವೆ. ವಾಕ್ಯ ಎಲ್ಲಿ ತುಂಡಾಯ್ತು, "ಮತ್ತು" ಎಷ್ಟು ಕಮ್ಮಿ ಬಳಸಿದ್ದಾರೆ, ಕ್ರಿಯಾಪದವನ್ನು ಯಾಕೆ ಹಿಂದೆ ಮುಂದೆ ಮಾಡಿದ್ದಾರೆ, ಎಲ್ಲ.

ಅಥವಾ ಅನುವಾದ ಮಾಡಿ. ಬರಗಾಲದಲ್ಲಿ ಅನುವಾದ ಒಳ್ಳೆ ಬೆಳೆ. ಸೋವಿಯತ್ ರಷ್ಯಾದಲ್ಲಿ ಸ್ವಂತ ಪದ್ಯ ಅಚ್ಚಾಗುವುದೇ ಕಷ್ಟವಾದ ವರ್ಷಗಳಲ್ಲಿ ಪಾಸ್ಟರ್ನಾಕ್ ಕೂತು ಶೇಕ್ಸ್‌ಪಿಯರನನ್ನು ರಷ್ಯನ್ನಿಗೆ ತಂದರು. ಹೊಟ್ಟೆಗೂ ಆಯ್ತು, ಕೈಯೂ ಜಡ್ಡುಗಟ್ಟಲಿಲ್ಲ. ನಮಗೆ ದೂರ ಹೋಗುವುದೂ ಬೇಡ. ಮನೆಯಲ್ಲಿ ತುಳು, ತೆಲುಗು, ಉರ್ದು, ಕೊಂಕಣಿ, ಮರಾಠಿ ಆಡುವವರು ಎಷ್ಟು ಜನ ಇಲ್ಲ? ಅಜ್ಜಿ ಹೇಳುವ ಒಂದು ಗಾದೆಯನ್ನು ಕನ್ನಡಕ್ಕೆ ತರಲು ಹೊರಡಿ, ಅರ್ಧ ದಿನ ಹೋಗುತ್ತೆ. ಆ ಅರ್ಧ ದಿನ ಸುದ್ದಿ ಚಾನೆಲ್ ನೋಡಿರಲ್ಲ, ಅದೇ ದೊಡ್ಡ ಲಾಭ.

ಬರೆಯೋಕೆ ತಡವಾಯ್ತು ಅನ್ನೋ ಕೊರಗೂ ಇಂಥ ವಾರದಲ್ಲೇ ಹತ್ತಿಕೊಳ್ಳೋದು. ಎಂ.ಕೆ. ಇಂದಿರಾ ಕಾದಂಬರಿ ಬರೆಯಲು ಶುರುಮಾಡಿದ್ದು ನಲವತ್ತೈದರ ಆಸುಪಾಸಿನಲ್ಲಿ.

ಹಂತ 8: ಬರೆದದ್ದು ಉಳಿಯುವ ಹಾಗೆ ನೋಡಿಕೊಳ್ಳಿ

ಇದನ್ನು ಯಾವ ಕಮ್ಮಟದಲ್ಲೂ ಹೇಳಿಕೊಡಲ್ಲ, ನಾನು ಪೆಟ್ಟು ತಿಂದು ಕಲಿತದ್ದು. ಹಳೇ ಕಂಪ್ಯೂಟರಿನಲ್ಲಿ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಹನ್ನೊಂದು ಪುಟದ ಕಥೆಯನ್ನು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದೆ. ಒಂದೂ ಕನ್ನಡ ಅಕ್ಷರ ಇಲ್ಲ. ರೋಮನ್ ಅಕ್ಷರದ ತಲೆ ಮೇಲೆ ಚುಕ್ಕಿ, ಕೊಂಬು, ಟೋಪಿ. ಎದೆ ಧಸಕ್ಕೆಂದಿತು. ಆಮೇಲೆ ಪರಿಚಯದ ಡಿಟಿಪಿ ಹುಡುಗ ಎರಡು ನಿಮಿಷದಲ್ಲಿ ಕನ್ವರ್ಟರ್‌ಗೆ ಹಾಕಿ ಯೂನಿಕೋಡ್, ಅಂದರೆ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗೇ ಕಾಣುವ ಅಕ್ಷರ, ಮಾಡಿಕೊಟ್ಟ. ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪಿತ್ತು, ಕಥೆ ಮಾತ್ರ ಉಳಿಯಿತು.

ಆದ್ದರಿಂದ: ಟೈಪ್ ಮಾಡುವುದಾದರೆ ಮೊದಲಿನಿಂದಲೇ ಯೂನಿಕೋಡಿನಲ್ಲಿ ಮಾಡಿ. ಹಳೇ ಫೈಲುಗಳಿದ್ದರೆ ಈ ವಾರವೇ ಬದಲಿಸಿ. ವಾರಕ್ಕೊಮ್ಮೆ ನಿಮಗೆ ನೀವೇ ಮೇಲ್ ಮಾಡಿಕೊಳ್ಳಿ. ಕೈಬರಹವಾದರೆ ಪುಟಕ್ಕೊಂದು ಫೋಟೋ ತೆಗೆಯಿರಿ, ಹಗಲು ಬೆಳಕಿನಲ್ಲಿ, ನೆರಳು ಬೀಳದ ಹಾಗೆ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಕಥೆ ಇಡಲೇಬೇಡಿ. ಕೆಲಸ ಹೋದ ದಿನ ಅದೂ ಹೋಗುತ್ತೆ, ಬೀಳ್ಕೊಡುಗೆಗೆ ಅರ್ಧ ಗಂಟೆಯನ್ನೂ ಕೊಡದ ಕಂಪನಿಗಳಿವೆ. ನನಗೆ ಕೊಟ್ಟದ್ದು ಇಪ್ಪತ್ತು ನಿಮಿಷ.

ಮತ್ತೆ, ನಿಮ್ಮ ಬರಹದ ಒಂದು ಪ್ರತಿ ಇನ್ನೊಬ್ಬರ ಬಳಿ ಇರಲಿ. ರಷ್ಯಾದ ಕವಿ ಅನ್ನಾ ಅಖ್ಮತೋವಾ ಅವರ ಮಗನನ್ನು 1938ರಲ್ಲಿ ಬಂಧಿಸಿದರು. ಲೆನಿನ್‌ಗ್ರಾಡಿನ ಜೈಲಿನ ಹೊರಗಿನ ಸಾಲಿನಲ್ಲಿ ಆಕೆ ಹದಿನೇಳು ತಿಂಗಳು ನಿಂತರು. ಆ ಕಾಲದಲ್ಲಿ ಕಟ್ಟಿದ ಪದ್ಯಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಗೆಳತಿ ಬಂದಾಗ ಒಂದು ಚೂರು ಕಾಗದದಲ್ಲಿ ಬರೆದು ತೋರಿಸುವರು. ಬಾಯಲ್ಲಿ ಮಾತ್ರ ಚಹಾ, ಹವಾಮಾನ ಅಂತ ಏನೋ ಮಾತು. ಗೆಳತಿ ಓದಿ ಬಾಯಿಪಾಠ ಮಾಡಿಕೊಂಡ ಮೇಲೆ ಕಾಗದವನ್ನು ಆಶ್‌ಟ್ರೇಯಲ್ಲಿ ಸುಡುವರು. ಪದ್ಯ ಹಾಗೆ ಕೆಲವರ ತಲೆಯಲ್ಲಿ ವರ್ಷಗಟ್ಟಲೆ ಬದುಕಿತು. ಪುಸ್ತಕವಾಗಿ ಬಂದದ್ದು 1963ರಲ್ಲಿ, ಅದೂ ಹೊರದೇಶದ ಮ್ಯೂನಿಕ್‌ನಲ್ಲಿ.

ನಮಗೆ ಇಬ್ಬರು ಓದುಗರು ಸಾಕು. ಒಬ್ಬರು ಬರೆಯುವವರು, ಒಬ್ಬರು ಬರೆಯದವರು. ಕಥೆಯನ್ನು ಕಳಿಸುವುದಕ್ಕಿಂತ ವಾಟ್ಸ್ಯಾಪಿನಲ್ಲಿ ಓದಿ ವಾಯ್ಸ್ ಮೆಸೇಜ್ ಮಾಡಿ. ಓದುವಾಗ ನಿಮಗೆ ಎಲ್ಲಿ ಉಸಿರು ಸಾಲಲಿಲ್ಲವೋ ಅಲ್ಲಿ ವಾಕ್ಯ ಮುರಿಯಿರಿ. ಕೇಳಿದವರನ್ನು "ಹೇಗಿದೆ?" ಅಂತ ಕೇಳಬೇಡಿ, ಚೆನ್ನಾಗಿದೆ ಅಂತಾರೆ. "ಏನು ನೆನಪಿದೆ?" ಅಂತ ಕೇಳಿ. ನಮ್ಮ ಗುಂಪಿನ ನಿವೃತ್ತ ಮೇಷ್ಟ್ರೊಬ್ಬರು ಮಾತ್ರ ಈ ಪ್ರಶ್ನೆಗೂ "ನಿಮ್ಮ ಧ್ವನಿ" ಅಂದುಬಿಟ್ಟರು. ಆ ಕಥೆ ಪೂರ್ತಿ ಬದಲಾಯಿಸಿದೆ.

ಹಂತ 9: ಕಳಿಸಿ

ತಿದ್ದಿ ಮುಗಿದದ್ದನ್ನು ಮನೆಯಲ್ಲಿಟ್ಟು ಕೊಳೆಸಬೇಡಿ. ವಾರಪತ್ರಿಕೆ, ಮಾಸಪತ್ರಿಕೆ, ಸಾಪ್ತಾಹಿಕ ಪುರವಣಿ ಇವೆ. ದೀಪಾವಳಿ ವಿಶೇಷಾಂಕದ ಕಥಾ ಸ್ಪರ್ಧೆಗಳಿಗೆ ಹಬ್ಬಕ್ಕೆ ತಿಂಗಳುಗಟ್ಟಲೆ ಮೊದಲೇ ಕರೆ ಬರುತ್ತೆ. ಆ ಪ್ರಕಟಣೆ ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿ. ಪದಮಿತಿ ಎಷ್ಟು ಅಂದಿದ್ದಾರೋ ಅಷ್ಟೇ ಕಳಿಸಿ. ಮೊದಲ ಪುಸ್ತಕದ ಹಸ್ತಪ್ರತಿ ಸಿದ್ಧವಿದ್ದರೆ ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನಕ್ಕೆ ಅರ್ಜಿ ಕರೆದಾಗ ಹಾಕಿ. ಕಳಿಸಿದ ತಾರೀಖು, ಎಲ್ಲಿಗೆ, ಏನು ಉತ್ತರ ಬಂತು ಅಂತ ಲಾಂಗ್ ಬುಕ್ಕಿನ ಕೊನೆಯ ಪುಟದಲ್ಲಿ ಮೂರು ಕಾಲಂ ಮಾಡಿ. ಒಂದೇ ಕಥೆಯನ್ನು ಒಂದೇ ಹೊತ್ತಿಗೆ ಎರಡು ಕಡೆ ಕಳಿಸಬೇಡಿ.

ವಾಪಸ್ ಬಂದರೆ ಒಂದು ದಿನ ಬೇಜಾರು ಮಾಡಿಕೊಳ್ಳಿ. ಮಾರನೇ ದಿನ ಬಂದದ್ದನ್ನು ಸರಿಯಾಗಿ ನೋಡಿ. ಈಗ ಎಲ್ಲ ಮೇಲ್‌ನಲ್ಲಿ ಹೋಗಿ ಮೇಲ್‌ನಲ್ಲೇ ಬರುತ್ತೆ, ವಿಷಾದ ಪತ್ರವೂ ಎರಡೇ ಸಾಲು. ಆಗ ನಾವು ಸ್ವಂತ ವಿಳಾಸ ಬರೆದು ಸ್ಟ್ಯಾಂಪ್ ಹಚ್ಚಿದ ಕವರ್ ಜೊತೆಗಿಟ್ಟು ಕಳಿಸುತ್ತಿದ್ದೆವು. ಹಾಗೆ ಮರಳಿ ಬಂದ ನನ್ನ ಒಂದು ಕಥೆಯ ನಾಲ್ಕನೇ ಪುಟದಲ್ಲಿ ದೊಡ್ಡದೊಂದು ಎಣ್ಣೆ ಕಲೆ ಇತ್ತು. ಯಾರೋ ಪಾಪ ತಿಂಡಿ ತಿನ್ನುತ್ತಾ ಓದಿದ್ದಾರೆ. ಅದಕ್ಕೆ ಸಿಟ್ಟು ಮಾಡಿಕೊಂಡೆ. ಆಮೇಲೆ ಐದನೇ ಪುಟ ತಿರುವಿದೆ. ಅಲ್ಲಿಂದ ಮುಂದಕ್ಕೆ ಹಾಳೆ ಮಡಿಕೆ ಕೂಡ ಬೀಳದೆ ಹೊಸದಿದ್ದ ಹಾಗೇ ಇತ್ತು. ಪೆನ್ನು ತಗೊಂಡು ನಾಲ್ಕನೇ ಪುಟದಿಂದ ತಿದ್ದೋಕೆ ಕೂತೆ.